ಹೊಸ ಮನೆಯಲ್ಲಿ ದೇವರ ಜಗಲಿ: ಮನೆದೇವರಿಗೂ ಹಿರಿಯರಿಗೂ ನೆಲೆ ಮಾಡಿಕೊಡುವ ಬಗೆ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯಿಂದಲೂ ನದಿ ದಂಡೆಯ ಊರುಗಳಿಂದಲೂ ಎದ್ದು ಬಂದ ಮನೆತನಗಳು ನವನಗರದಲ್ಲಿ ಮತ್ತು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಮನೆ ಕಟ್ಟಿಕೊಂಡವು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ ದೀಪಕ್ಕೊಂದು ಮಾಡ (ಗೂಡು) ಇರುತ್ತಿತ್ತು, ಒಳಮನೆಯಲ್ಲಿ ದೇವರನ್ನು ಕೂಡಿಸಲು ಜಗಲಿ ಎಂಬ ಕಟ್ಟೆ ಇರುತ್ತಿತ್ತು. ಈಗಿನ ಇಟ್ಟಿಗೆ ಗೋಡೆಯಲ್ಲಿ ಮಾಡ ಕೊರೆಯಲು ಬರುವುದಿಲ್ಲವಾದ್ದರಿಂದ ಬಹಳ ಜನ ಅಂಗಡಿಯಿಂದ ಗೋಪುರವಿರುವ ಮಂಟಪವೊಂದನ್ನು ತಂದು, ತಾತನ ಕಾಲದ ಬೆಳ್ಳಿಯ ಮೂರ್ತಿ, ಜಾತ್ರೆಯಲ್ಲಿ ಕೊಂಡ ಪಟ, ತೀರಿಕೊಂಡವರ ಫೋಟೊ, ಯಾರೋ ಉಡುಗೊರೆಯಾಗಿ ಕೊಟ್ಟ ಗಣಪತಿ ಎಲ್ಲವನ್ನೂ ಅದರೊಳಗೆ ಒತ್ತಿ ಇಡುತ್ತಾರೆ. ಆಮೇಲೆ ಯಾರಿಗೆ ಯಾವ ವಾರ, ಯಾರಿಗೆ ಯಾವ ಎಡೆ ಎಂಬುದು ಮನೆಯ ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರ ಉಳಿಯುತ್ತದೆ.

ಜಗಲಿಯ ಮೇಲೆ ಯಾರನ್ನು ಕೂಡಿಸುತ್ತೇವೆಯೋ ಅವರಿಗೆ ವರ್ಷವಿಡೀ ದೀಪ ಹಚ್ಚುವ, ಎಡೆ ಹಿಡಿಯುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಜಗಲಿಯ ಅಳತೆಯನ್ನು ಮನೆಯ ಜಾಗ ನೋಡಿ ಗೊತ್ತುಮಾಡುವುದಕ್ಕಿಂತ ನಡೆಸಿಕೊಂಡು ಹೋಗಬಲ್ಲ ನೇಮವನ್ನು ನೋಡಿ ಗೊತ್ತುಮಾಡುವುದು ಸರಿ ಎಂಬುದು ನನ್ನ ಅಭಿಪ್ರಾಯ, ಮತ್ತು ಮುಂದೆ ಹೇಳುವ ಕ್ರಮವೆಲ್ಲ ಇದನ್ನೇ ಆಧರಿಸಿದೆ.

ಮೊದಲ ಕೆಲಸ, ಮನೆದೇವರು ಯಾರೆಂದು ಖಚಿತಪಡಿಸಿಕೊಳ್ಳುವುದು. ಈ ಭಾಗದಲ್ಲಿ ಬಾದಾಮಿಯ ಬನಶಂಕರಿ, ಸವದತ್ತಿ ಗುಡ್ಡದ ಯಲ್ಲಮ್ಮ, ಗೊಡಚಿ ಅಥವಾ ಮುಚಖಂಡಿಯ ವೀರಭದ್ರ, ತುಳಸಿಗೇರಿಯ ಹನುಮಪ್ಪ, ಯಲಗೂರೇಶ, ಚಿಂಚಲಿ ಮಾಯಕ್ಕ, ಮೈಲಾರಲಿಂಗ, ತುಳಜಾಪುರದ ಅಂಬಾಭವಾನಿ ಇವರಲ್ಲಿ ಒಬ್ಬರು ಸಾಮಾನ್ಯವಾಗಿ ಮನೆತನದ ದೇವರಾಗಿರುತ್ತಾರೆ. ಗೊತ್ತಿಲ್ಲದಿದ್ದರೆ ಜ್ಯೋತಿಷ್ಯ ಕೇಳಲು ಓಡುವ ಮುಂಚೆ ಮನೆಯೊಳಗೇ ಸುಳಿವು ಹುಡುಕಬೇಕು. ಮಕ್ಕಳ ಜವಳ (ಮೊದಲ ಕೂದಲು) ಎಲ್ಲಿ ತೆಗೆಸುತ್ತಿದ್ದರು, ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಯಾವ ಗುಡಿಗೆ ಒಯ್ಯುತ್ತಿದ್ದರು, ಮದುವೆಗೆ ಮುಂಚೆ ಗುಗ್ಗಳ (ಕೊಡದಲ್ಲಿ ಬೆಂಕಿ ಹೊತ್ತು ಸಾಗುವ ಮೆರವಣಿಗೆ) ತೆಗೆಯುತ್ತಿದ್ದರೋ ಅಥವಾ ಗೊಂದಲಿಗರನ್ನು ಕರೆಸಿ ಗೊಂದಲ (ದೇವಿಯ ಹಾಡು ಕಥೆಗಳ ಸೇವೆ) ಹಾಕಿಸುತ್ತಿದ್ದರೋ, ಹಣೆಗೆ ಭಂಡಾರ (ಅರಿಷಿಣದ ಪುಡಿ) ಹಚ್ಚುತ್ತಿದ್ದರೋ ವಿಭೂತಿಯೋ ಎಂಬುದನ್ನು ಅಣ್ಣತಮ್ಮಂದಿರ ಮನೆಗಳಲ್ಲಿ ಕೇಳಿದರೆ ಉತ್ತರ ತಾನಾಗಿ ತಿಳಿಯುತ್ತದೆ. ಗುಗ್ಗಳವಾದರೆ ವೀರಭದ್ರ, ಗೊಂದಲವಾದರೆ ಅಂಬಾಭವಾನಿ, ರವಿವಾರ ಭಂಡಾರವಾದರೆ ಬಹುಮಟ್ಟಿಗೆ ಮೈಲಾರಲಿಂಗ. ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಹೆಚ್ಚು ತಿಳಿದಿರುತ್ತದೆ. ಎಡೆ ಮಾಡಿದ ಕೈಗಳು ಅವರವೇ ಆದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ.

ಸೊಸೆಯ ತವರಿನ ದೇವರ ಪ್ರಶ್ನೆ ಅನೇಕ ಮನೆಗಳಲ್ಲಿ ಜಗಳಕ್ಕೆ ದಾರಿಯಾಗುತ್ತದೆ. ಗಂಡನ ಮನೆಯ ದೇವರೇ ಆಕೆಯ ದೇವರು ಎಂಬುದು ರೂಢಿಯ ಮಾತು. ಆದರೆ ದಿನವೂ ಜಗಲಿ ಸಾರಿಸಿ ದೀಪ ಹಚ್ಚುವವಳು ಆಕೆಯೇ ಆಗಿರುವಾಗ, ತವರಿನ ಯಲ್ಲಮ್ಮನ ಒಂದು ಚಿಕ್ಕ ಪಟಕ್ಕಾಗಲಿ ಭಂಡಾರದ ಚೀಲಕ್ಕಾಗಲಿ ಜಗಲಿಯ ಬದಿಯಲ್ಲಿ ಜಾಗ ಕೊಡದಿರುವುದಕ್ಕೆ ನನಗೆ ಯಾವ ಕಾರಣವೂ ಕಾಣುವುದಿಲ್ಲ. ಇಷ್ಟಲಿಂಗ ಧರಿಸಿದವರ ಮನೆಯಲ್ಲಿ ಲಿಂಗಪೂಜೆ ಅಂಗೈಯಲ್ಲಿ ನಡೆಯುವಂಥದ್ದು, ಅದಕ್ಕೆ ಜಗಲಿ ಬೇಕಿಲ್ಲ. ಅಂಥ ಮನೆಗಳಲ್ಲಿ ಜಗಲಿಯಿದ್ದರೆ ಅದು ಮನೆದೇವರಿಗಾಗಿ, ಹಿರಿಯರಿಗಾಗಿ. ಅದೂ ಬೇಡವೆನ್ನುವ ಶರಣ ಕುಟುಂಬಗಳೂ ಇವೆ, ಅವರ ನಿಲುವು ಅವರದು.

ಯಾರನ್ನು ಕೂಡಿಸಬೇಕು ಎಂಬುದರಷ್ಟೇ ಯಾರನ್ನು ಕೂಡಿಸಬಾರದು ಎಂಬುದೂ ಮುಖ್ಯ. ಊರಿನ ದ್ಯಾಮವ್ವ, ದುರ್ಗವ್ವ, ಸೀಮೆಯ ಮೇಲಿನ ಕರೆವ್ವ ಇವರೆಲ್ಲ ಊರಿಗೆ ಸೇರಿದವರು. ಮನೆಯಿಂದ ಅವರಿಗೆ ಎಡೆ ಹೋಗಬೇಕೇ ಹೊರತು ಅವರನ್ನು ಮನೆಯೊಳಗೆ ತಂದು ಪ್ರತಿಷ್ಠಾಪಿಸುವುದು ರೂಢಿಯಲ್ಲಿಲ್ಲ. ನಾಗಪ್ಪನ ಕಲ್ಲು ಮರದ ಕಟ್ಟೆಯ ಮೇಲಿರಬೇಕು. ಮನೆಗೆ ಪಂಚಮಿಯ ದಿನ ಮಣ್ಣಿನ ನಾಗಪ್ಪ ಬಂದು, ಹಾಲು ಎರೆಸಿಕೊಂಡು ಹೋಗುತ್ತಾನೆ. ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮನೆಗಳೂ ಮೊಹರಂ ಹರಕೆ ಹೊರುತ್ತವೆಯಾದರೂ ಪಂಜಾಗಳ (ಅಲಾಯಿ ದೇವರೆಂದು ಕೂಡಿಸುವ ಲೋಹದ ಹಸ್ತಗಳ) ನೆಲೆ ಅಲಾಯಿ ಕೂಡುವ ಮಸೀದಿಯೇ. ಮನೆಯಲ್ಲಿ ಚೋಂಗೆ ಎಂಬ ಸಿಹಿ ರೊಟ್ಟಿ ಮಾಡಿ ಒಯ್ಯುವುದು, ಸಕ್ಕರೆ ಓದಿಸಿಕೊಂಡು ಬರುವುದು ಸಾಕು. ಹೊಲದಲ್ಲಿ ಸಿಕ್ಕ ಹಳೆಯ ವಿಗ್ರಹವನ್ನಾಗಲಿ, ಪಾಳುಗುಡಿಯ ಬಳಿ ಬಿದ್ದಿದ್ದ ವೀರಗಲ್ಲಿನ ತುಂಡನ್ನಾಗಲಿ ಮನೆಗೆ ತರಲೇಬಾರದು. ಚಾಲುಕ್ಯರ ಕಾಲದ ಕಲ್ಲುಗಳು ಹೊಲಗದ್ದೆಗಳಲ್ಲಿ ಹರಡಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಇದು ಶಾಸ್ತ್ರದ ಮಾತಷ್ಟೇ ಆಗಿರದೆ ಕಾನೂನಿನ ಮಾತೂ ಹೌದು.

ಇನ್ನು ಸ್ಥಳ. ಈಶಾನ್ಯ ಮೂಲೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಪೂಜಿಸುವವರು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂಡುವಂತೆ ಇದ್ದರೆ ಸಾಕು. ಬಚ್ಚಲಿಗೆ ಹೊಂದಿದ ಗೋಡೆಯನ್ನು ಬಿಡುವುದಕ್ಕೆ ಮಡಿಯ ಜೊತೆಗೆ ಇನ್ನೊಂದು ಕಾರಣವೂ ಇದೆ: ತೇವ ಏರುವ ಗೋಡೆಯಲ್ಲಿ ಪಟಗಳು ಬೇಗ ಕೆಡುತ್ತವೆ. ಜಗಲಿಯನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಇಟ್ಟಿಗೆಯಲ್ಲಿ ಕಟ್ಟಿಸಿ ಮೇಲೊಂದು ಹಾಸುಗಲ್ಲು ಹಾಕಿಸಿದರೆ ಕುಳಿತು ಪೂಜೆ ಮಾಡಲು ಅನುಕೂಲ. ಮಂಡಿ ನೋವಿನವರಿರುವ ಮನೆಯಲ್ಲಿ ಸೊಂಟದೆತ್ತರಕ್ಕೆ ಕಟ್ಟಿಸಬಹುದು, ಅದರಿಂದ ದೇವರಿಗೆ ಕಡಿಮೆಯಾಗುವುದೇನೂ ಇಲ್ಲ. ಹಾಸುಗಲ್ಲಿಗೆ ಶಹಾಬಾದ ಕಲ್ಲು ಅಗ್ಗವಾಗಿ ಸಿಗುತ್ತದೆ, ಆದರೆ ಅದು ಸುಣ್ಣದ ಅಂಶವಿರುವ ಕಲ್ಲಾದ್ದರಿಂದ ನಿಂಬೆರಸ, ಹುಣಸೆನೀರು, ಮೊಸರು ಬಿದ್ದಲ್ಲೆಲ್ಲ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಅಮೃತಶಿಲೆಗೂ ಇದೇ ದೋಷವಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ತುಸು ದುಬಾರಿಯಾದರೂ ಎಣ್ಣೆ, ಹುಳಿ, ಕುಂಕುಮ ಎಲ್ಲವನ್ನೂ ತಾಳಿಕೊಳ್ಳುತ್ತದೆ, ನಾನು ಅದನ್ನೇ ಹೇಳುತ್ತೇನೆ. ಮಂಟಪ ಬೇಕೇ ಬೇಕೆನ್ನುವವರು ಪ್ಲೈವುಡ್ಡಿನದನ್ನು ಕೊಳ್ಳದಿರಲಿ. ದೀಪದ ಕುಡಿಯಿಂದ ಮೇಲಿನ ಹಲಗೆಗೆ ಎರಡು ಅಡಿಯಾದರೂ ಅಂತರವಿಲ್ಲದಿದ್ದರೆ ಮಸಿ ಕಟ್ಟುವುದಷ್ಟೇ ಅಲ್ಲ, ಮನೆಯವರು ಊರಲ್ಲಿಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುವ ಭಯವೂ ಇರುತ್ತದೆ.

ದೀಪಕ್ಕೆ ಸಮೆಯೊಂದು (ನಿಲ್ಲಿಸುವ ಕಂಬದ ದೀಪ), ಆರತಿಗೆ ನೀಲಾಂಜನವೊಂದು ಸಾಕು. ಎಣ್ಣೆ ಯಾವುದೆಂಬ ಚರ್ಚೆ ಕೊನೆಯಿಲ್ಲದ್ದು. ನಮ್ಮ ಕರಿಮಣ್ಣಿನ ಸೀಮೆಯಲ್ಲಿ ಕುಸುಬೆ ಬೆಳೆಯುತ್ತಿದ್ದುದರಿಂದ ಕುಸುಬೆ ಎಣ್ಣೆಯನ್ನೇ ಸುರಿಯುತ್ತಿದ್ದರು, ಈಗ ಎಳ್ಳೆಣ್ಣೆಯೋ ಶೇಂಗಾ ಎಣ್ಣೆಯೋ ಯಾವುದಾದರೂ ನಡೆಯುತ್ತದೆ. ದೀಪದೆಣ್ಣೆ ಎಂಬ ಹೆಸರಿನಲ್ಲಿ ಮಾರುವ ಕಲಬೆರಕೆಯನ್ನು ಮಾತ್ರ ಬಿಟ್ಟುಬಿಡಬಹುದು, ಅದರ ಹೊಗೆಗೆ ಕಣ್ಣುರಿ ಬರುತ್ತದೆ.

ಮನೆದೇವರ ರೂಪಕ್ಕೆ ಅಂಗೈಯೊಳಗಿನ ಬೆಳ್ಳಿಯ ಮೂರ್ತಿ ಅಥವಾ ತಗಡಿನ ಮೇಲೆ ಉಬ್ಬು ಚಿತ್ರ ಮೂಡಿಸಿದ ಪದಕ ಸಾಕಾಗುತ್ತದೆ. ಬೆಳಗಾವಿ ಕಡೆಯ ಮರಾಠಿ ಮನೆಗಳಲ್ಲಿ ಇಂಥ ತಗಡನ್ನು ಟಾಕ ಎನ್ನುತ್ತಾರೆ. ಹಳೆಯದಿದ್ದರೆ ಹೊಸದನ್ನು ಮಾಡಿಸುವ ಅಗತ್ಯವಿಲ್ಲ, ಸವೆದು ಮುಖ ಕಾಣದಂತಾಗಿದ್ದರೆ ಅದೇ ಬೆಳ್ಳಿಯನ್ನು ಪತ್ತಾರರಿಗೆ (ಅಕ್ಕಸಾಲಿಗರಿಗೆ) ಕೊಟ್ಟು, ಬೇರೆ ಬೆಳ್ಳಿ ಬೆರೆಸದೆ ನಮ್ಮ ಎದುರಿಗೇ ಕರಗಿಸಿ ಎರಕ ಹೊಯ್ಯಿರಿ ಎಂದು ಕೇಳಿಕೊಳ್ಳಬೇಕು. ಅಜ್ಜ, ಮುತ್ತಜ್ಜರು ಕೈಮುಗಿದ ಲೋಹ ಮುಂದಿನವರ ಕೈಗೆ ಬರುವುದು ಹೀಗೆ. ಮೂರ್ತಿಯನ್ನು ನೇರವಾಗಿ ಜಗಲಿಗೆ ಏರಿಸದೆ ಮೊದಲು ಅದರ ಕ್ಷೇತ್ರಕ್ಕೆ ಒಯ್ಯುವುದು ವಾಡಿಕೆ. ಯಲ್ಲಮ್ಮನದಾದರೆ ಜೋಗುಳಬಾವಿಯಲ್ಲಿ ಅಥವಾ ಗುಡ್ಡದ ಮೇಲಿನ ಎಣ್ಣೆಹೊಂಡದಲ್ಲಿ, ಬನಶಂಕರಿಯದಾದರೆ ಗುಡಿಯ ಮುಂದಿನ ಹೊಂಡದ ನೀರಿನಲ್ಲಿ ತೊಳೆದು, ದೇವರ ಎದುರಿಗಿಟ್ಟು, ಅಲ್ಲಿನ ಭಂಡಾರ ಅಥವಾ ಕುಂಕುಮ ಹಚ್ಚಿಸಿಕೊಂಡು, ಹೊಸ ಬಟ್ಟೆಯಲ್ಲಿ ಸುತ್ತಿ ತರಬೇಕು. ಬರುವ ದಾರಿಯಲ್ಲಿ ಬೇರೆಯವರ ಮನೆಗೆ ಹೋಗುವುದಿಲ್ಲ. ಹೊಸ್ತಿಲಲ್ಲಿ ಮನೆಯ ಮುತ್ತೈದೆ ಕಾಲಿಗೆ ನೀರು ಹಾಕಿ, ಆರತಿ ಬೆಳಗಿ ಒಳಗೆ ಕರೆದುಕೊಳ್ಳುತ್ತಾಳೆ. ಹಳೆಯ ಮನೆ ಇನ್ನೂ ನೀರಿನ ಮೇಲಿದ್ದರೆ, ಅಥವಾ ಬೇಸಿಗೆಯಲ್ಲಿ ಹಿನ್ನೀರು ಇಳಿದು ಅಡಿಪಾಯ ಕಾಣಿಸಿಕೊಂಡರೆ, ಹಳೆಯ ಜಗಲಿ ಇದ್ದ ಕಡೆಯ ಒಂದು ಹಿಡಿ ಮಣ್ಣನ್ನು ತಂದು ಹೊಸ ಹಾಸುಗಲ್ಲಿನ ಕೆಳಗೆ ಇಡಿಸಬಹುದು. ಶಾಸ್ತ್ರ ಕೇಳುವವರಿಗೆ ಇದಕ್ಕೆ ಆಧಾರ ತೋರಿಸಲಾಗದಿದ್ದರೂ, ಮುಳುಗಡೆಯ ಜನರಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ದೇವಿಯ ಜಗಲಿಯಾದರೆ ಉಡಿ ತುಂಬುವುದು ತಪ್ಪಬಾರದು. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಅಕ್ಕಿ, ಕಾಯಿ, ಎಲೆ ಅಡಿಕೆ, ಅರಿಷಿಣ ಕೊಂಬು, ಉತ್ತತ್ತಿ ಇಷ್ಟಿದ್ದರೆ ಉಡಿ ಪೂರ್ಣ. ಆ ಖಣವನ್ನು ಪೆಟ್ಟಿಗೆಯಲ್ಲಿ ಒಟ್ಟುವುದಕ್ಕಿಂತ ಮನೆಯ ಹೆಣ್ಣುಮಕ್ಕಳಿಗೋ ಬಂದ ಮುತ್ತೈದೆಗೋ ಕೊಟ್ಟು ಹೊಲಿಸಿ ಉಡುವಂತೆ ಮಾಡುವುದು ಒಳ್ಳೆಯ ರೂಢಿ. ವಾರದ ಲೆಕ್ಕ ಸರಳ: ದೇವಿಗೆ ಮಂಗಳವಾರ, ಶುಕ್ರವಾರ, ಹನುಮಪ್ಪನಿಗೆ ಶನಿವಾರ, ವೀರಭದ್ರನಿಗೆ ಸೋಮವಾರ, ಮೈಲಾರನಿಗೆ ರವಿವಾರ. ದಿನಕ್ಕೊಂದು ದೀಪ, ವಾರಕ್ಕೊಂದು ಸಣ್ಣ ಪೂಜೆ, ವರ್ಷಕ್ಕೊಂದು ದೊಡ್ಡ ಎಡೆ. ದೊಡ್ಡ ಎಡೆ ಬನಶಂಕರಿಗೆ ಬನದ ಹುಣ್ಣಿಮೆಗೆ, ಯಲ್ಲಮ್ಮನಿಗೆ ಭಾರತ ಹುಣ್ಣಿಮೆಗೆ ಬೀಳುತ್ತದೆ. ಇದಕ್ಕಿಂತ ಹೆಚ್ಚಿನ ನೇಮವನ್ನು ಮೊದಲ ವರ್ಷ ಹಿಡಿಯದಿರುವುದೇ ಜಾಣತನ. ಮನೆಯಲ್ಲಿ ನಡೆಯುವ ದಿನಗಳನ್ನು ಒಂದು ವಹಿಯಲ್ಲಿ ಬರೆದು ಜಗಲಿಯ ಬಳಿಯೇ ಇಟ್ಟರೆ ಮುಂದೆ ಬರುವ ಸೊಸೆ ಯಾರನ್ನೂ ಕೇಳಿ ಮುಜುಗರಪಡಬೇಕಾಗಿಲ್ಲ.

ಹಿರಿಯರ ವಿಷಯಕ್ಕೆ ಬಂದರೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಜನ ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಸತ್ತವರ ಫೋಟೊವನ್ನು ದೇವರ ಸಾಲಿನಲ್ಲಿ ಇಡುವುದಿಲ್ಲ. ಪಡಸಾಲೆಯ ದಕ್ಷಿಣದ ಗೋಡೆಯ ಮೇಲೆ ಅವರ ಪಟ ಹಾಕಿ, ಕೆಳಗೆ ಒಂದು ಗೇಣಗಲದ ಕಲ್ಲಿನ ಹಲಗೆ ಕೂಡಿಸಿ, ಅದರ ಮೇಲೆ ಪಣತಿ ಮತ್ತು ನೀರಿನ ತಂಬಿಗೆಗೆ ಜಾಗ ಮಾಡಿದರೆ ಅದೇ ಹಿರಿಯರ ನೆಲೆ. ಇದನ್ನು ದೇವರ ಜಗಲಿಗಿಂತ ಎತ್ತರದಲ್ಲಿ ಇಡುವುದಿಲ್ಲ. ದಿನವೂ ಪೂಜೆ ಬೇಡ. ಅಮಾವಾಸ್ಯೆಗೊಮ್ಮೆ ದೀಪ, ಹಬ್ಬದ ದಿನ ಮಾಡಿದ ಅಡುಗೆಯಲ್ಲಿ ಮೊದಲ ತುತ್ತು ಇಷ್ಟೇ ಸಾಕು.

ಅವರ ದೊಡ್ಡ ದಿನವೆಂದರೆ ಭಾದ್ರಪದ ಬಹುಳದ ಕೊನೆಗೆ ಬರುವ ಮಹಾನವಮಿ ಅಮಾವಾಸ್ಯೆ. ಅಂದು ಹಲಗೆಯನ್ನು ತೊಳೆದು, ವಿಭೂತಿ ಅಥವಾ ಕುಂಕುಮವನ್ನು ಮನೆಯ ಪದ್ಧತಿಯಂತೆ ಹಚ್ಚಿ, ಗಂಡಸರಿಗೆ ಧೋತರ, ಮುತ್ತೈದೆಯಾಗಿ ತೀರಿಕೊಂಡವರಿಗೆ ಸೀರೆ, ಖಣ, ಬಳೆ, ಹೂವು ಇವುಗಳನ್ನು ಮಡಚಿ ಇಡಬೇಕು. ಎಡೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಅನ್ನ ಇವು ಎಲ್ಲರಿಗೂ ಸಮಾನ. ಅದರ ಜೊತೆಗೆ ಬದುಕಿದ್ದಾಗ ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಇಡುವುದು ಮುಖ್ಯ: ಒಬ್ಬರಿಗೆ ಬಿಸಿ ರೊಟ್ಟಿ ಮತ್ತು ಶೇಂಗಾ ಹಿಂಡಿ, ಇನ್ನೊಬ್ಬರಿಗೆ ಚಹಾ, ಮತ್ತೊಬ್ಬರಿಗೆ ಎಲೆ ಅಡಿಕೆ ತಂಬಾಕು. ಎಡೆ ಹಿಡಿಯುವಾಗ ಹೆಸರು ಹಿಡಿದು ಕರೆಯಬೇಕು. ಹೆಸರು ಗೊತ್ತಿಲ್ಲದವರಿಗೂ, ಚಿಕ್ಕಂದಿನಲ್ಲೇ ಹೋದ ಕೂಸುಗಳಿಗೂ, ಮದುವೆಯಿಲ್ಲದೆ ತೀರಿದವರಿಗೂ ಸೇರಿಸಿ ಒಂದು ಎಡೆಯನ್ನು ಬೇರೆಯಾಗಿ ಇಡುವುದನ್ನು ಮರೆಯಬಾರದು. ಆಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಕೂಡುತ್ತಾರೆ. ತೆರೆದ ಮೇಲೆ ಎಡೆಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು, ಹೊಸ ಬಟ್ಟೆಯನ್ನು ಮನೆಯವರೇ ಉಡಬೇಕು. ಶವವನ್ನು ಹೂಳುವ ಮನೆತನದವರು ಹೊಲದಲ್ಲಿರುವ ಗದ್ದುಗೆಗೂ (ಸಮಾಧಿಗೂ) ಹೋಗಿ ಕಾಯಿ ಒಡೆದು ಬರುತ್ತಾರೆ. ಗದ್ದುಗೆ ನೀರಿನಲ್ಲಿ ಮುಳುಗಿದವರು ಹಿನ್ನೀರಿನ ದಂಡೆಯಲ್ಲಿ ನಿಂತು, ಆ ದಿಕ್ಕಿಗೆ ಮುಖ ಮಾಡಿ ಚರಗ (ಎಡೆಯ ಅಡುಗೆ) ಚೆಲ್ಲಿ ಬಂದರೆ ಸಾಕು.

ಹಿರಿಯರೊಂದಿಗೆ ಮಾತಾಡಬೇಕೆನಿಸಿದಾಗ ಬೇರೆ ಮಂತ್ರ ಬೇಕಿಲ್ಲ. ಅಮಾವಾಸ್ಯೆಯ ಸಂಜೆ ಪಣತಿ ಹಚ್ಚಿ, ತಂಬಿಗೆಗೆ ಹೊಸ ನೀರು ತುಂಬಿ, ಮನೆಯಲ್ಲಿ ಆದದ್ದನ್ನು, ಮಾರಿದ ಎತ್ತು, ಹುಟ್ಟಿದ ಮೊಮ್ಮಗು, ತೀರದ ಸಾಲ ಎಲ್ಲವನ್ನೂ ನಮ್ಮ ಆಡುಮಾತಿನಲ್ಲೇ ಹೇಳಬಹುದು. ಕನಸಿನಲ್ಲಿ ಬಂದು ಏನನ್ನೋ ಕೇಳಿದರೆಂದು ಅನಿಸಿದರೆ ಕೇಳಿದ್ದನ್ನು ಮುಂದಿನ ಅಮಾವಾಸ್ಯೆಗೆ ಎಡೆಯಲ್ಲಿ ಇಟ್ಟರಾಯಿತು. ಅದಕ್ಕಾಗಿ ಸಾವಿರಾರು ರೂಪಾಯಿಯ ಶಾಂತಿ ಮಾಡಿಸಿರೆಂದು ಯಾರಾದರೂ ಹೇಳಿದರೆ ನಂಬುವ ಅವಶ್ಯಕತೆಯಿಲ್ಲ.

ದೇವರಲ್ಲಿ ಪ್ರಶ್ನೆ ಕೇಳುವುದಕ್ಕೆ ನಮ್ಮಲ್ಲಿ ಹೂಪ್ರಸಾದದ ಪದ್ಧತಿ ಇದೆ. ಮೂರ್ತಿಯ ಎರಡೂ ಭುಜಗಳಿಗೆ ಒದ್ದೆ ಮಾಡಿದ ಹೂವಿನ ಎಸಳನ್ನು ಅಂಟಿಸಿ, ಪ್ರಶ್ನೆಯನ್ನು ಮನಸ್ಸಿನಲ್ಲಿ ಹೇಳಿಕೊಂಡು ಕಾಯಬೇಕು, ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡವೆಂದು ತಿಳಿಯಬೇಕು. ಫ್ಯಾನ್ ಆರಿಸಿರಬೇಕೆಂದು ಬೇರೆ ಹೇಳಬೇಕಾಗಿಲ್ಲವೇನೋ, ಆದರೂ ಹೇಳುತ್ತೇನೆ. ಯಾವ ಉತ್ತರ ಬಂದರೂ ನಡೆಯಲು ಸಿದ್ಧವಿರುವ ಪ್ರಶ್ನೆಯನ್ನಷ್ಟೇ ಕೇಳಬೇಕು. ಬೇಕಾದ ಉತ್ತರ ಬರುವ ತನಕ ಎಸಳು ಅಂಟಿಸುತ್ತಲೇ ಇದ್ದರೆ ಅದು ಕೇಳುವುದಾಗುವುದಿಲ್ಲ. ರೋಗಕ್ಕೆ ಔಷಧ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು ಜಗಲಿಯ ಮುಂದೆ ಕೇಳುವ ಪ್ರಶ್ನೆಯೇ ಅಲ್ಲ.

ಕೆಲವು ಮನೆಗಳಲ್ಲಿ ಪೂಜೆಯ ಹೊತ್ತಿಗೆ ಯಾರಿಗಾದರೂ ದೇವರು ಮೈಮೇಲೆ ಬರುತ್ತದೆ. ಅಂಥ ಮನೆಯಲ್ಲಿ ಜಗಲಿಯ ಮುಂದೆ ನಾಲ್ಕು ಜನ ನಿಲ್ಲುವಷ್ಟು ಖಾಲಿ ಜಾಗ ಬಿಡಬೇಕು, ಸಮೆಯನ್ನು ಬದಿಗೆ ಸರಿಸಿಡಬೇಕು, ಒಬ್ಬರು ಹಿಂದೆ ನಿಂತು ಬೀಳದಂತೆ ಹಿಡಿಯಬೇಕು. ಬಂದ ದೇವರಿಗೆ ಭಂಡಾರ ಹಚ್ಚಿ, ನೀರು ಕೊಟ್ಟು, ಹೇಳಿದ್ದನ್ನು ಕೇಳಿಸಿಕೊಂಡು ಕಳಿಸುವುದು ಕ್ರಮ. ಆದರೆ ಪೂಜೆಯಿಲ್ಲದ ಹೊತ್ತಿನಲ್ಲೂ ಅದು ಮೇಲಿಂದ ಮೇಲೆ ಆಗುತ್ತಿದ್ದರೆ, ಆ ವ್ಯಕ್ತಿ ಊಟ ನಿದ್ದೆ ಬಿಟ್ಟಿದ್ದರೆ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ ಕರೆದೊಯ್ಯಬೇಕು, ಇಲ್ಲವೇ 14416 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗಾಳಿ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಬರೆ ಹಾಕುವುದು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಮನೆಯಲ್ಲಿ ಪೂಜೆ ಮಾಡಿಕೊಳ್ಳುವುದಕ್ಕೆ ಆ ಕಾಯ್ದೆಯಿಂದ ಯಾವ ಅಡ್ಡಿಯೂ ಇಲ್ಲ. ಯಲ್ಲಮ್ಮನ ಜಗಲಿಯಿರುವ ಮನೆಗೆ ಬಂದು, ಈ ಹುಡುಗಿಯನ್ನು ತಾಯಿ ಕೇಳುತ್ತಿದ್ದಾಳೆ, ಮುತ್ತು ಕಟ್ಟಿಸಿ ಎಂದು ಯಾರೇ ಹೇಳಲಿ, ಅವರಿಗೆ ಹೊಸ್ತಿಲು ತೋರಿಸಬೇಕು. ಮುತ್ತು ಕಟ್ಟುವುದೆಂದರೆ ದೇವದಾಸಿಯಾಗಿ ಸಮರ್ಪಿಸುವುದು, ಅದನ್ನು ನಿಷೇಧಿಸುವ ಕಾಯ್ದೆ 1982ರಿಂದಲೂ ಇದೆ.

ಬಾಡಿಗೆ ಮನೆಯಲ್ಲಿರುವವರಿಗೆ, ಇನ್ನೂ ನೇಮಕ್ಕೆ ಸಿದ್ಧರಿಲ್ಲದವರಿಗೆ, ಸ್ಥಿರವಾದ ಜಗಲಿಗಿಂತ ಬಂದು ಹೋಗುವ ಮಣ್ಣಿನ ದೇವರುಗಳೇ ಹೆಚ್ಚು ಹೊಂದುತ್ತವೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ದೀಪಾವಳಿಗೆ ಸಗಣಿಯ ಹಟ್ಟೆವ್ವ. ಒಂದು ಮಣೆ, ಒಂದು ಪಣತಿ ಇದ್ದರೆ ಇವರೆಲ್ಲರಿಗೂ ನೆಲೆಯಾಗುತ್ತದೆ. ಹೊಲದ ಎರೆಮಣ್ಣನ್ನು ಹಾಗೆಯೇ ಬಳಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಆದ್ದರಿಂದ ಕೆರೆಯ ಜೇಡಿಮಣ್ಣನ್ನು ತರಬೇಕು, ಅಥವಾ ಎರೆಮಣ್ಣಿಗೆ ಸಗಣಿ ಮತ್ತು ಬಿಡಿಸಿದ ಹತ್ತಿಯ ಎಳೆ ಬೆರೆಸಿ ನಾದಿ, ನೆರಳಿನಲ್ಲಿ ಒಣಗಿಸಬೇಕು. ಈ ಮಣ್ಣಿನ ಮೂರ್ತಿಗಳ ಕಣ್ಣಿಗೆ ಗುಲಗಂಜಿ ಒತ್ತುವ ರೂಢಿಯಿದೆ. ಆ ಬೀಜ ಕಡು ವಿಷ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದರ ಬದಲು ಜೋಳವನ್ನೋ ಕುಸುಬೆಯನ್ನೋ ಒತ್ತಬಹುದು.

ಜಗಲಿಯನ್ನು ಎತ್ತುವ ಸಂದರ್ಭವೂ ಬರುತ್ತದೆ: ಮನೆ ಮಾರಿದಾಗ, ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿ ನೆಲೆಸಿದಾಗ, ಒಬ್ಬರೇ ಉಳಿದ ವಯಸ್ಸಾದವರಿಗೆ ಕೈಲಾಗದಿದ್ದಾಗ. ಆಗ ಕೊನೆಯ ಎಡೆ ಹಿಡಿದು, ಇನ್ನು ಇಷ್ಟು ನಡೆಸಲಾಗುವುದಿಲ್ಲವೆಂದು ಬಾಯಿಬಿಟ್ಟು ಹೇಳಿ, ಬೆಳ್ಳಿಯ ಮೂರ್ತಿಗಳನ್ನು ಅಣ್ಣತಮ್ಮಂದಿರಲ್ಲಿ ನಡೆಸುವವರಿಗೆ ಒಪ್ಪಿಸಬೇಕು. ಅಂಥವರಿಲ್ಲದಿದ್ದರೆ ಅವುಗಳನ್ನು ಮನೆದೇವರ ಕ್ಷೇತ್ರಕ್ಕೆ ಒಯ್ದು ಹುಂಡಿಗೆ ಹಾಕಬಹುದು. ಒಣಗಿದ ಹೂವು, ಮಣ್ಣಿನ ಮೂರ್ತಿಗಳು ಗಿಡದ ಬುಡಕ್ಕೆ ಹೋಗಲಿ. ಗಾಜಿನ ಪಟಗಳನ್ನು ಘಟಪ್ರಭೆಯ ಸೇತುವೆಯಿಂದ ಕೆಳಗೆ ಎಸೆಯುವುದು ವಿಸರ್ಜನೆಯಲ್ಲ, ನೀರಿಗಿಳಿದ ದನದ ಕಾಲನ್ನೂ ಮೀನುಗಾರನ ಕೈಯನ್ನೂ ಅದು ಕೊಯ್ಯುತ್ತದೆ. ಚೌಕಟ್ಟು ಬಿಚ್ಚಿ, ಗಾಜನ್ನು ಗುಜರಿಗೆ ಕೊಟ್ಟು, ಒಳಗಿನ ಕಾಗದವನ್ನಷ್ಟೇ ನೆನೆಸಿ ಮಣ್ಣಿನಲ್ಲಿ ಹೂಳಬೇಕು. ಹಾಸುಗಲ್ಲನ್ನು ಮಾತ್ರ ಮನೆ ಕೊಂಡವರ ಪಾಲಿಗೆ ಬಿಡದೆ ಕೀಳಿಸಿಕೊಂಡು ಹೋಗುವುದು ಒಳ್ಳೆಯದು, ಮುಂದಿನ ಮನೆಯ ಜಗಲಿಗೆ ಅದೇ ಕಲ್ಲು ಬರುತ್ತದೆ.